ಆಂಪ್ಲಿಫೈಯರ್‌ಗೆ ‘ಸ್ಟೆಪ್‌ಅಪ್’ ಕೇಳಿ ಬಂದ ಗ್ರಾಹಕ: ಮಾರುವ ಮುನ್ನ ತಿಳಿಯಬೇಕಾದ ಸಂಗತಿಗಳು

ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆಯು ಒಂದು ಹೋಬಳಿ ಕೇಂದ್ರ. ಪುಷ್ಯ ಮಾಸದ ದನಗಳ ಜಾತ್ರೆಗೆ ಹೆಸರಾದ ಘಾಟಿ ಸುಬ್ರಹ್ಮಣ್ಯ ಇದೇ ಹೋಬಳಿಗೆ ಸೇರಿದ ಕ್ಷೇತ್ರ. ಒಂದು ದಿಕ್ಕಿಗೆ ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳು, ಮತ್ತೊಂದು ದಿಕ್ಕಿಗೆ 2008ರ ಮೇ ತಿಂಗಳಲ್ಲಿ ಕಾರ್ಯಾರಂಭ ಮಾಡಿದ ದೇವನಹಳ್ಳಿಯ ವಿಮಾನ ನಿಲ್ದಾಣ. ಇಂತಹ ಪರಿಸರದಲ್ಲಿ ಎಲೆಕ್ಟ್ರಿಕಲ್ ಅಂಗಡಿ ನಡೆಸುವ ವರ್ತಕರ ಬಳಿಗೆ ಬರುವ ಗ್ರಾಹಕರು ಬಹು ಬಗೆಯವರು. ಅಮೆರಿಕದಲ್ಲಿರುವ ಮಗ ತಂದುಕೊಟ್ಟ ಆಂಪ್ಲಿಫೈಯರನ್ನು ಮನೆಯಲ್ಲಿ ಹೇಗೆ ನಡೆಸುವುದೆಂದು ಕೇಳುವವರುಂಟು. ಇಲ್ಲಿ ಕೊಂಡ ಆಂಪ್ಲಿಫೈಯರನ್ನು ಹೊರದೇಶಕ್ಕೆ ಒಯ್ಯುವವರುಂಟು. ಸಂಜೆಯ ಹೊತ್ತು ವೋಲ್ಟೇಜು ಕುಸಿದು ಹಾಡು ಒಡೆದು ಕೇಳುತ್ತದೆಂದು ದೂರುವವರೂ ಉಂಟು. ಈ ಮೂವರೂ ಕೇಳುವುದು ಒಂದೇ ಪದಾರ್ಥವನ್ನು: ‘ಸ್ಟೆಪ್‌ಅಪ್’.

ಪದ ಒಂದೇ ಆದರೂ ಅಗತ್ಯಗಳು ಮೂರು. ಕೇಳಿದ್ದನ್ನೇ ಕೊಟ್ಟು ಹಣ ಪಡೆದರೆ ವ್ಯಾಪಾರವು ಅಂದಿಗೆ ಮುಗಿದಂತೆ ಕಂಡರೂ, ಮರುದಿನ ಸುಟ್ಟುಹೋದ ಆಂಪ್ಲಿಫೈಯರಿನೊಂದಿಗೆ ಗ್ರಾಹಕನು ಮರಳಿ ಬಂದಾಗ ಲಾಭದ ಹಲವು ಪಟ್ಟು ನಷ್ಟ ಎದುರಾಗುತ್ತದೆ. ಎರಡು ಸಾವಿರ ರೂಪಾಯಿಯ ಟ್ರಾನ್ಸ್‌ಫಾರ್ಮರ್ ಮಾರಿದ ವರ್ತಕನು ನಲವತ್ತು ಸಾವಿರ ರೂಪಾಯಿಯ ಉಪಕರಣಕ್ಕೆ ಉತ್ತರ ಹೇಳಬೇಕಾದ ಸ್ಥಿತಿಯು ಕಲ್ಪನೆಯದಲ್ಲ. ಆದುದರಿಂದ ಈ ಸಣ್ಣ ಸರಕಿನ ಆಯ್ಕೆಯ ಕ್ರಮವನ್ನು ವರ್ತಕರೂ ಸಣ್ಣ ತಯಾರಕರೂ ಸ್ಪಷ್ಟವಾಗಿ ತಿಳಿದಿರುವುದು ಲೇಸು.

ಮೂರು ಅಗತ್ಯಗಳು

ಭಾರತದ ಮನೆಗಳಿಗೆ ಪೂರೈಕೆಯಾಗುವುದು 230 ವೋಲ್ಟ್, 50 ಹರ್ಟ್ಜ್ ವಿದ್ಯುತ್ತು. ಅಮೆರಿಕ ಮತ್ತು ಕೆನಡಾಗಳಲ್ಲಿ 120 ವೋಲ್ಟ್, 60 ಹರ್ಟ್ಜ್. ಜಪಾನಿನಲ್ಲಿ 100 ವೋಲ್ಟ್; ಅಲ್ಲಿ ಟೋಕಿಯೊ ಸೇರಿದ ಪೂರ್ವಭಾಗಕ್ಕೆ 50 ಹರ್ಟ್ಜ್, ಒಸಾಕಾ ಸೇರಿದ ಪಶ್ಚಿಮಭಾಗಕ್ಕೆ 60 ಹರ್ಟ್ಜ್. ಬ್ರಿಟನ್, ಆಸ್ಟ್ರೇಲಿಯ, ಸಿಂಗಪುರ, ದುಬೈಗಳಲ್ಲಿ ವೋಲ್ಟೇಜು ನಮ್ಮಂತೆಯೇ ಇದ್ದು ಆವರ್ತಾಂಕವೂ 50 ಹರ್ಟ್ಜ್ ಆಗಿರುವುದರಿಂದ ಅಲ್ಲಿಗೆ ಪ್ಲಗ್ಗಿನ ಬದಲಾವಣೆಯಷ್ಟೇ ಸಾಕು.

ಇದರಿಂದ ಮೊದಲ ನಿರ್ಣಯ ಸಿಗುತ್ತದೆ. ಅಮೆರಿಕದಿಂದ ಬಂದ 120 ವೋಲ್ಟಿನ ಆಂಪ್ಲಿಫೈಯರನ್ನು ತೂಬಗೆರೆಯಲ್ಲಿ ನಡೆಸಲು ಬೇಕಾದುದು ವೋಲ್ಟೇಜನ್ನು ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್. ಇಲ್ಲಿಯ 230 ವೋಲ್ಟಿನ ಆಂಪ್ಲಿಫೈಯರನ್ನು ಅಮೆರಿಕದಲ್ಲಿ ನಡೆಸಲು ಬೇಕಾದುದು ನಿಜವಾದ ಸ್ಟೆಪ್‌ಅಪ್. ಊರಿನಲ್ಲಿಯೇ ವೋಲ್ಟೇಜು ಕುಸಿಯುತ್ತಿದ್ದರೆ ಬೇಕಾದುದು ಇವೆರಡೂ ಅಲ್ಲ, ಸ್ಟೆಬಿಲೈಜರ್. ಏರಿಸುವ ಮತ್ತು ಇಳಿಸುವ ಎರಡೂ ಸಾಕೆಟ್ಟುಗಳಿರುವ ಪೆಟ್ಟಿಗೆಗಳು ಮಾರುಕಟ್ಟೆಯಲ್ಲಿವೆ. ಅಂತಹ ಪೆಟ್ಟಿಗೆಯನ್ನು ಅಮೆರಿಕಕ್ಕೆಂದು ಹೊಂದಿಸಿ ಇಲ್ಲಿಯ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದರೆ ಹೊರಬರುವುದು 460 ವೋಲ್ಟ್. ಅದರ ಮುಂದೆ ಯಾವ ಆಂಪ್ಲಿಫೈಯರೂ ಉಳಿಯಲಾರದು.

ಟ್ರಾನ್ಸ್‌ಫಾರ್ಮರ್ ಮಾಡುವುದು ಮತ್ತು ಮಾಡದಿರುವುದು

ಕಬ್ಬಿಣದ ಕೋರಿನ ಮೇಲೆ ಸುತ್ತಿದ ಎರಡು ಸುರುಳಿಗಳ ಸುತ್ತುಗಳ ಅನುಪಾತದಂತೆ ವೋಲ್ಟೇಜು ಏರುತ್ತದೆ ಅಥವಾ ಇಳಿಯುತ್ತದೆ. 120 ವೋಲ್ಟನ್ನು 240ಕ್ಕೆ ಏರಿಸಿದಾಗ ಪಡೆಯುವ ಕಡೆಯ ಪ್ರವಾಹ ಅರ್ಧಕ್ಕಿಳಿಯುತ್ತದೆ. ಕೊಡುವ ಕಡೆಯ ಪ್ರವಾಹ ಅದರ ಎರಡರಷ್ಟಿರುತ್ತದೆ. ಇದು ಖಾತೆ ಪುಸ್ತಕದ ಎರಡು ಬದಿಗಳಿದ್ದಂತೆ: ಒಂದು ಬದಿಯಲ್ಲಿ ಏರಿಸಿದ್ದಕ್ಕೆ ಇನ್ನೊಂದು ಬದಿಯಲ್ಲಿ ತಾಳೆ ಬೀಳಲೇಬೇಕು, ಜೊತೆಗೆ ಸ್ವಲ್ಪ ಸೋರಿಕೆಯ ಖರ್ಚೂ ಇರುತ್ತದೆ. ಈ ತತ್ತ್ವ ನಮ್ಮ ನಾಡಿಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ತಲುಪಿದ್ದು ವೋಲ್ಟೇಜನ್ನು ಅಲ್ಲಿ ಏರಿಸಿ ಇಲ್ಲಿ ಇಳಿಸುವ ಟ್ರಾನ್ಸ್‌ಫಾರ್ಮರುಗಳಿಂದಲೇ.

ಆದರೆ ಟ್ರಾನ್ಸ್‌ಫಾರ್ಮರ್ ಆವರ್ತಾಂಕವನ್ನು ಬದಲಿಸದು. 50 ಹರ್ಟ್ಜ್ ಒಳಹೊಕ್ಕರೆ 50 ಹರ್ಟ್ಜ್ ಹೊರಬರುತ್ತದೆ. ವರ್ತಕರು ಬಹುಮಟ್ಟಿಗೆ ಗಮನಿಸದ ಅಂಶವಿದು. 60 ಹರ್ಟ್ಜಿಗೆಂದೇ ರೂಪಿಸಿದ ಆಂಪ್ಲಿಫೈಯರನ್ನು ಅದೇ ವೋಲ್ಟೇಜಿನಲ್ಲಿ 50 ಹರ್ಟ್ಜಿನಲ್ಲಿ ನಡೆಸಿದರೆ ಅದರ ಒಳಗಿನ ಟ್ರಾನ್ಸ್‌ಫಾರ್ಮರಿನ ಕೋರಿನಲ್ಲಿ ಕಾಂತಪ್ರವಾಹ ಶೇ. 20ರಷ್ಟು ಹೆಚ್ಚುತ್ತದೆ. ಬೆಲೆಯ ಒತ್ತಡದಿಂದ ಕಬ್ಬಿಣವನ್ನು ಮಿತವಾಗಿ ಬಳಸಿದ ಮಾದರಿಗಳಲ್ಲಿ ಕೋರು ಪರ್ಯಾಪ್ತವಾಗಿ ಗುಂಯ್‌ಗುಡುವಿಕೆ ಕೇಳಿಬರುತ್ತದೆ, ಬಿಸಿ ಏರುತ್ತದೆ. ಹಿಂಬದಿಯ ಫಲಕದಲ್ಲಿ ‘50/60 ಹರ್ಟ್ಜ್’ ಎಂದಿದ್ದರೆ ಚಿಂತೆಯಿಲ್ಲ. ‘60 ಹರ್ಟ್ಜ್’ ಎಂದಷ್ಟೇ ಇದ್ದರೆ ಹೊರಗಿನ ಟ್ರಾನ್ಸ್‌ಫಾರ್ಮರ್ ಎಷ್ಟು ಉತ್ತಮವಾಗಿದ್ದರೂ ಈ ಕೊರತೆ ನೀಗದೆಂದು ಗ್ರಾಹಕನಿಗೆ ಮೊದಲೇ ಹೇಳಬೇಕು. ಇದಕ್ಕೆ ವಿರುದ್ಧವಾಗಿ, 50 ಹರ್ಟ್ಜಿನ ನಮ್ಮ ಆಂಪ್ಲಿಫೈಯರ್ 60 ಹರ್ಟ್ಜಿನಲ್ಲಿ ನಡೆದರೆ ಕೋರಿನ ಮೇಲಿನ ಭಾರ ಕಡಿಮೆಯೇ ಆಗುತ್ತದೆ.

ಮೊದಲು ಫಲಕ, ಆಮೇಲೆ ಬೆಲೆ

ಗ್ರಾಹಕನು ಉಪಕರಣವನ್ನು ತಂದಿಲ್ಲದಿದ್ದರೆ ಅದರ ಹಿಂಬದಿಯ ಫಲಕದ ಚಿತ್ರವನ್ನಾದರೂ ತರಿಸಿ ನೋಡುವುದು ಒಳ್ಳೆಯ ಪದ್ಧತಿ. ‘100–240 ವೋಲ್ಟ್’ ಎಂದು ನಮೂದಾಗಿದ್ದರೆ ಟ್ರಾನ್ಸ್‌ಫಾರ್ಮರೇ ಬೇಡ. ಸರಿಯಾದ ಪ್ಲಗ್ ಸಾಕು. ಸ್ವಿಚ್ ಮೋಡ್ ವಿದ್ಯುತ್ ಪೂರೈಕೆಯಿರುವ ಹೊಸ ಮಾದರಿಗಳಲ್ಲಿ ಹಲವು ಈ ಬಗೆಯವು. ಕೆಲವು ಹಳೆಯ ಮಾದರಿಗಳ ಹಿಂದೆ ವೋಲ್ಟೇಜ್ ಬದಲಿಸುವ ಸ್ವಿಚ್ಚು ಇರುತ್ತದೆ. ಇನ್ನು ಕೆಲವುಗಳಲ್ಲಿ ಒಳಗಿನ ಟ್ರಾನ್ಸ್‌ಫಾರ್ಮರಿಗೆ 115 ವೋಲ್ಟಿನ ಎರಡು ಪ್ರಾಥಮಿಕ ಸುರುಳಿಗಳಿದ್ದು, ಸಮಾಂತರವಾಗಿರುವುದನ್ನು ಸರಣಿಯಾಗಿ ಜೋಡಿಸಿದರೆ 230 ವೋಲ್ಟಿಗೆ ಒಗ್ಗುತ್ತವೆ. ಈ ಕೆಲಸವನ್ನು ತಯಾರಕರ ನಕ್ಷೆ ಕೈಯಲ್ಲಿರುವ ಅನುಭವಿ ತಂತ್ರಜ್ಞನೇ ಮಾಡಬೇಕು. ಫ್ಯೂಸನ್ನೂ ಅದಕ್ಕೆ ತಕ್ಕಂತೆ ಬದಲಿಸಬೇಕು. ಮಾರಾಟವೊಂದು ತಪ್ಪಿದರೂ ‘ನಿಮಗೆ ಇದು ಬೇಡ’ ಎಂದು ಹೇಳಿದ ಅಂಗಡಿಗೆ ಆ ಗ್ರಾಹಕನು ಮುಂದೆ ಇಡೀ ಮನೆಯ ವೈರಿಂಗ್ ಸಾಮಗ್ರಿಗೆ ಬರುತ್ತಾನೆ.

ಇಸ್ತ್ರಿಪೆಟ್ಟಿಗೆ, ಕೂದಲು ಒಣಗಿಸುವ ಯಂತ್ರಗಳಿಗೆಂದು ಮಾರುವ ಹಗುರವಾದ ಎಲೆಕ್ಟ್ರಾನಿಕ್ ಕನ್ವರ್ಟರುಗಳನ್ನು ಆಂಪ್ಲಿಫೈಯರಿಗೆ ಕೊಡಲೇಬಾರದು. ಅವು ವಿದ್ಯುತ್ತಿನ ಅಲೆಯನ್ನು ಕತ್ತರಿಸಿ ಕೊಡುವಂತಹವು. ಶಾಖವನ್ನಷ್ಟೇ ಬಯಸುವ ಉಪಕರಣಕ್ಕೆ ಅದು ನಡೆದೀತು. ಟ್ರಾನ್ಸ್‌ಫಾರ್ಮರ್ ಇರುವ ಆಂಪ್ಲಿಫೈಯರಿಗೆ ಅಪಾಯಕಾರಿ.

ಎಷ್ಟು ವಿ.ಎ. ಬೇಕು?

ಗೊಂದಲ ಹೆಚ್ಚಾಗುವುದು ಇಲ್ಲಿಯೇ. ಹಿಂದೆ ಟೇಪ್‌ರೆಕಾರ್ಡರುಗಳ ಮೇಲೆ ಸಾವಿರಾರು ವ್ಯಾಟ್ ‘ಪಿ.ಎಂ.ಪಿ.ಓ.’ ಎಂದು ಮುದ್ರಿಸುತ್ತಿದ್ದರು. ಆ ಸಂಖ್ಯೆಗೆ ಲೆಕ್ಕದಲ್ಲಿ ಯಾವ ಬೆಲೆಯೂ ಇಲ್ಲ. ಪರಿಗಣಿಸಬೇಕಾದುದು ಆರ್.ಎಂ.ಎಸ್. ವ್ಯಾಟು, ಅದಕ್ಕಿಂತ ಮಿಗಿಲಾಗಿ ಫಲಕದಲ್ಲಿ ಕೊಟ್ಟಿರುವ ವಿದ್ಯುತ್ ಬಳಕೆಯ ಪ್ರಮಾಣ. ಫಲಕದಲ್ಲಿ 120 ವೋಲ್ಟ್, 3.5 ಆಂಪಿಯರ್ ಎಂದಿದ್ದರೆ ಗುಣಿಸಿದಾಗ ಬರುವುದು 420 ವಿ.ಎ.

ಫಲಕವು ಅಳಿಸಿಹೋಗಿದ್ದರೆ ಅಂದಾಜು ಮಾಡಬೇಕಾಗುತ್ತದೆ. ಉದಾಹರಣೆಗೆ, ಎರಡು ಚಾನೆಲ್‌ಗಳಿಗೆ ತಲಾ 50 ವ್ಯಾಟ್ ಕೊಡುವ, ಎ.ಬಿ. ವರ್ಗದ ಆಂಪ್ಲಿಫೈಯರನ್ನು ತೆಗೆದುಕೊಳ್ಳಬಹುದು. ಒಟ್ಟು ಹೊರಹರಿವು 100 ವ್ಯಾಟ್. ಕಾರ್ಯಕ್ಷಮತೆಯನ್ನು ಶೇ. 55 ಎಂದಿಟ್ಟುಕೊಂಡರೆ ಒಳಗೆ ಬೇಕಾದುದು ಸುಮಾರು 182 ವ್ಯಾಟ್; ಇತರ ಸರ್ಕ್ಯೂಟುಗಳೂ ಸೇರಿ 200 ವ್ಯಾಟ್. ರೆಕ್ಟಿಫೈಯರ್ ಮತ್ತು ಕೆಪಾಸಿಟರುಗಳಿಂದಾಗಿ ಪವರ್ ಫ್ಯಾಕ್ಟರು 0.65ರ ಆಸುಪಾಸಿನಲ್ಲಿರುತ್ತದೆಂದು ಭಾವಿಸಿದರೆ 200ನ್ನು 0.65ರಿಂದ ಭಾಗಿಸಿ 308 ವಿ.ಎ. ಎಂದಾಗುತ್ತದೆ. ಇದಕ್ಕೆ ಕಾಲುಭಾಗ ಹೆಚ್ಚುವರಿ ಸೇರಿಸಿದರೆ 385. ಆದುದರಿಂದ ಅದರ ಮೇಲಿನ ಅಳತೆಯಾದ 500 ವಿ.ಎ. ಟ್ರಾನ್ಸ್‌ಫಾರ್ಮರನ್ನು ಕೊಡುವುದು ಸೂಕ್ತ. ‘100 ವ್ಯಾಟಿನ ಆಂಪ್ಲಿಫೈಯರಿಗೆ 100 ವಿ.ಎ. ಸಾಕು’ ಎಂಬ ಮಾತು ಎಷ್ಟು ದೂರದ್ದೆಂಬುದು ಇದರಿಂದ ಸ್ಪಷ್ಟ. ಡಿ ವರ್ಗದ ಆಂಪ್ಲಿಫೈಯರುಗಳ ಕಾರ್ಯಕ್ಷಮತೆ ಶೇ. 90ರ ಸಮೀಪವಿರುವುದರಿಂದ ಅವುಗಳಿಗೆ ಇದಕ್ಕಿಂತ ಚಿಕ್ಕದು ನಡೆಯುತ್ತದೆ. ಎ ವರ್ಗದವು ಹಾಡಿಲ್ಲದಾಗಲೂ ಪೂರ್ತಿ ವಿದ್ಯುತ್ತನ್ನು ಎಳೆಯುತ್ತವೆಯಾದ್ದರಿಂದ ಅವುಗಳಿಗೆ ಇನ್ನೂ ದೊಡ್ಡದು ಬೇಕಾಗುತ್ತದೆ.

ಅಮೆರಿಕಕ್ಕೆ ಒಯ್ಯುವವರು ಒಂದು ಸಂಗತಿಯನ್ನು ನೆನಪಿಡಬೇಕು. 500 ವಿ.ಎ. ಪೂರ್ಣಭಾರದಲ್ಲಿ ಗೋಡೆಯ ಕಡೆಯಿಂದ 4.2 ಆಂಪಿಯರ್ ಹರಿಯುತ್ತದೆ. ಇದು ಅಲ್ಲಿಯ 15 ಆಂಪಿಯರ್ ಸಾಕೆಟ್ಟಿಗೆ ಹೊರೆಯಲ್ಲ. ಆದರೆ ಟ್ರಾನ್ಸ್‌ಫಾರ್ಮರಿನ ಒಳಬದಿಯ ತಂತಿ ಆ ಪ್ರವಾಹಕ್ಕೆ ತಕ್ಕ ದಪ್ಪವಿರಬೇಕು. ಅಮೆರಿಕದ ಮನೆಗಳಿಗೆ ದೊಡ್ಡ ಒಲೆ ಮತ್ತು ಬಟ್ಟೆ ಒಣಗಿಸುವ ಯಂತ್ರಗಳಿಗಾಗಿ 240 ವೋಲ್ಟ್ ಕೂಡ ಬರುತ್ತದೆ. ಅಲ್ಲಿ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರಿಂದ ಪ್ರತ್ಯೇಕ ಸಾಕೆಟ್ಟು ಹಾಕಿಸಿಕೊಂಡರೆ ಟ್ರಾನ್ಸ್‌ಫಾರ್ಮರನ್ನೇ ತಪ್ಪಿಸಬಹುದು. ಆದರೆ ಆ ಪೂರೈಕೆಯ ಎರಡು ತಂತಿಗಳಲ್ಲಿಯೂ ವಿದ್ಯುತ್ತಿರುವುದರಿಂದ ಒಂದೇ ತಂತಿಯನ್ನು ಕಡಿಯುವ ನಮ್ಮ ಸ್ವಿಚ್ಚು ಆಫ್ ಆಗಿದ್ದರೂ ಇನ್ನೊಂದರಲ್ಲಿ ವಿದ್ಯುತ್ತು ಉಳಿದೇ ಇರುತ್ತದೆ.

ಆಟೊ ಅಥವಾ ಐಸೊಲೇಶನ್?

ಆಟೊ ಟ್ರಾನ್ಸ್‌ಫಾರ್ಮರಿನಲ್ಲಿ ಎರಡೂ ಬದಿಗೆ ಒಂದೇ ಸುರುಳಿ. ಒಂದಕ್ಕೆ ಎರಡರ ಅನುಪಾತದಲ್ಲಿ ಶಕ್ತಿಯ ಅರ್ಧಭಾಗ ಮಾತ್ರ ಕಾಂತೀಯವಾಗಿ ದಾಟುವುದರಿಂದ 500 ವಿ.ಎ. ಕೆಲಸಕ್ಕೆ 250 ವಿ.ಎ. ಅಳತೆಯ ಕೋರು ಸಾಕಾಗುತ್ತದೆ. ಅಗ್ಗವಾಗಿಯೂ ಹಗುರವಾಗಿಯೂ ಇರುವುದಕ್ಕೆ ಇದೇ ಕಾರಣ. ಆದರೆ ಒಳಬದಿ ಹೊರಬದಿಗಳ ನಡುವೆ ಪ್ರತ್ಯೇಕತೆಯಿಲ್ಲ. ಇಳಿಸುವ ಕೆಲಸದಲ್ಲಿ ಸುರುಳಿಯ ಕೆಳಭಾಗ ಕಡಿದುಹೋದರೆ 115 ವೋಲ್ಟ್ ಬಯಸಿದ ಆಂಪ್ಲಿಫೈಯರಿಗೆ ಮುಖ್ಯ ಪೂರೈಕೆಯ 230 ವೋಲ್ಟೇ ನುಗ್ಗಬಹುದು. ಎರಡು ಸುರುಳಿಗಳ ಐಸೊಲೇಶನ್ ಟ್ರಾನ್ಸ್‌ಫಾರ್ಮರಿನಲ್ಲಿ ಈ ಅಪಾಯವಿಲ್ಲ. ಅದರ ತೂಕ ಮತ್ತು ಬೆಲೆ ಹೆಚ್ಚು.

ಯಾವುದನ್ನು ಆರಿಸಿದರೂ ಅರ್ಥಿಂಗ್ ತಂತಿಯು ಗೋಡೆಯ ಮೂರನೆಯ ಪಿನ್ನಿನಿಂದ ಟ್ರಾನ್ಸ್‌ಫಾರ್ಮರಿನ ಲೋಹದ ಪೆಟ್ಟಿಗೆಗೂ ಹೊರಗಿನ ಸಾಕೆಟ್ಟಿಗೂ ಮುಂದುವರಿಯಲೇಬೇಕು. ಎರಡೇ ಪಿನ್ನಿನ ಪ್ಲಗ್ ಹಾಕಿದ ಪೆಟ್ಟಿಗೆಯ ಮೂಲಕ ಮೂರು ಪಿನ್ನಿನ ಆಂಪ್ಲಿಫೈಯರನ್ನು ನಡೆಸುವುದೆಂದರೆ ತಯಾರಕರು ಒದಗಿಸಿದ ರಕ್ಷಣೆಯನ್ನು ಕಿತ್ತುಹಾಕಿದಂತೆ.

ಕಡಿಮೆ ವೋಲ್ಟೇಜಿಗೆ ಸ್ಥಿರ ಬೂಸ್ಟರ್: ಮರೆಯಾದ ಅಪಾಯ

ಹೆಚ್ಚು ಹಾನಿ ಸಂಭವಿಸುವುದು ಮೂರನೆಯ ಬಗೆಯ ಗ್ರಾಹಕರಿಗೆ. ಫೀಡರಿನ ಕೊನೆಯಲ್ಲಿರುವ ಮನೆಯೊಂದರಲ್ಲಿ ಸಂಜೆ 180 ವೋಲ್ಟ್ ಬರುತ್ತಿದೆಯೆಂದಿಟ್ಟುಕೊಳ್ಳೋಣ. ಅದನ್ನು 230ಕ್ಕೆ ಏರಿಸಲು 1.28 ಪಟ್ಟಿನ ಸ್ಥಿರ ಬೂಸ್ಟರನ್ನು ಕೊಟ್ಟರೆ ಅಂದಿನ ಸಂಜೆ ಹಾಡು ಚೆನ್ನಾಗಿಯೇ ಕೇಳಿಸುತ್ತದೆ. ರಾತ್ರಿ ಪಂಪ್‌ಸೆಟ್ಟುಗಳೂ ಮಗ್ಗಗಳೂ ನಿಂತಾಗ ಅದೇ ಸಾಕೆಟ್ಟಿನಲ್ಲಿ 240 ವೋಲ್ಟ್ ಬರುತ್ತದೆ. ಆಗ ಆಂಪ್ಲಿಫೈಯರಿಗೆ ತಲುಪುವುದು 307 ವೋಲ್ಟ್.

ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡಬಹುದು. ಒಳಗಿನ ಟ್ರಾನ್ಸ್‌ಫಾರ್ಮರ್ 35-0-35 ವೋಲ್ಟಿನದಾಗಿದ್ದರೆ ಏಕಮುಖವಾದ ವೋಲ್ಟೇಜು ಸುಮಾರು 50. ಅಲ್ಲಿ ಸಾಮಾನ್ಯವಾಗಿ 63 ವೋಲ್ಟಿನ ಕೆಪಾಸಿಟರುಗಳನ್ನು ಹಾಕಿರುತ್ತಾರೆ. ಪೂರೈಕೆ 307ಕ್ಕೆ ಏರಿದಾಗ ಆ 50 ವೋಲ್ಟು 66 ಆಗುತ್ತದೆ. ಕೆಪಾಸಿಟರಿನ ಮಿತಿ ಮೀರಿತು. ಅದು ಉಬ್ಬಿ ಸಿಡಿಯುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಆದುದರಿಂದ ಇಂತಹ ಮನೆಗೆ ಬೇಕಾದುದು ಏರಿದಾಗ ಇಳಿಸುವ, ಇಳಿದಾಗ ಏರಿಸುವ, ಮಿತಿ ಮೀರಿದರೆ ಸಂಪರ್ಕ ಕಡಿಯುವ ಸ್ಟೆಬಿಲೈಜರ್ ಮಾತ್ರ. ಮೆಟ್ಟಿಲು ಮೆಟ್ಟಿಲಾಗಿ ಬದಲಿಸುವ ರಿಲೇ ಬಗೆಯದು ಮನೆಯ ಉಪಯೋಗಕ್ಕೆ ಸಾಕು. ಸೂಕ್ಷ್ಮ ನಿಯಂತ್ರಣ ಬೇಕೆನ್ನುವವರಿಗೆ ಸರ್ವೊ ಬಗೆಯದಿದೆ.

ಸ್ಟೆಬಿಲೈಜರ್ ಮಾರುವ ಮುನ್ನ ಕುಸಿತದ ಮೂಲವನ್ನೂ ವಿಚಾರಿಸಬೇಕು. ಭಾರ ಹಾಕಿದ ಸ್ಥಿತಿಯಲ್ಲಿ ಮೀಟರಿನ ಬಳಿ ಮತ್ತು ಸಾಕೆಟ್ಟಿನ ಬಳಿ ವೋಲ್ಟೇಜನ್ನು ಎಲೆಕ್ಟ್ರಿಷಿಯನ್ನರಿಂದ ಅಳೆಸಬೇಕು. ಎರಡರ ನಡುವೆ ಹೆಚ್ಚು ಅಂತರವಿದ್ದರೆ ದೋಷವು ಮನೆಯ ತೆಳು ತಂತಿಯದು ಅಥವಾ ಸಡಿಲವಾದ ಕೀಲಿನದು. ಟ್ರಾನ್ಸ್‌ಫಾರ್ಮರಿಗೆ ವ್ಯಯಿಸುವ ಹಣವನ್ನು ತಂತಿಗೆ ವ್ಯಯಿಸುವುದು ಮೇಲು. ಮೀಟರಿನಲ್ಲಿಯೇ ಕಡಿಮೆಯಿದ್ದರೆ ಬೆಸ್ಕಾಂನ 1912 ಸಹಾಯವಾಣಿಗೆ ದೂರು ಕೊಡಬೇಕು. 1956ರ ಭಾರತೀಯ ವಿದ್ಯುತ್ ನಿಯಮಗಳ ಕಾಲದಿಂದಲೂ ಬಳಕೆದಾರರಿಗೆ ಪರಿಚಿತವಾದ ಶೇ. 6ರ ಏರಿಳಿತದ ಮಿತಿಯನ್ನು 230 ವೋಲ್ಟಿಗೆ ಅನ್ವಯಿಸಿದರೆ 216ರಿಂದ 244ರವರೆಗಿನ ವ್ಯಾಪ್ತಿ ಸಿಗುತ್ತದೆ. 180 ವೋಲ್ಟ್ ಆ ವ್ಯಾಪ್ತಿಯ ಹತ್ತಿರಕ್ಕೂ ಬಾರದು. ದೀಪಗಳು ಕೆಲವು ಮನೆಗಳಲ್ಲಿ ಮಂಕಾಗಿ ಕೆಲವು ಮನೆಗಳಲ್ಲಿ ಅತಿಯಾಗಿ ಬೆಳಗುತ್ತಿದ್ದರೆ ನ್ಯೂಟ್ರಲ್ ತಂತಿ ಸಡಿಲಗೊಂಡಿರುವ ಸಂಭವವಿದೆ. ಅಂತಹ ಸಂದರ್ಭದಲ್ಲಿ ಉಪಕರಣಗಳನ್ನು ಕೂಡಲೇ ಬೇರ್ಪಡಿಸಿ ದೂರು ಕೊಡುವುದೇ ಸರಿಯಾದ ಮಾರ್ಗ.

ಸಣ್ಣ ತಯಾರಕರ ಗಮನಕ್ಕೆ

ವಿತರಣಾ ಟ್ರಾನ್ಸ್‌ಫಾರ್ಮರುಗಳಿಗೆ ಮೈಸೂರು ರಸ್ತೆಯ ಕವಿಕಾ ಹೇಗೆ ಹೆಸರಾಗಿದೆಯೋ ಹಾಗೆಯೇ ಚಿಕ್ಕ ಟ್ರಾನ್ಸ್‌ಫಾರ್ಮರುಗಳ ಕೆಲಸ ಬೆಂಗಳೂರು ಸುತ್ತಲಿನ ಸಣ್ಣ ವೈಂಡಿಂಗ್ ಘಟಕಗಳದ್ದು. ಬೆಲೆಯ ಪೈಪೋಟಿಯಲ್ಲಿ ತಾಮ್ರದ ಬದಲು ಅಲ್ಯೂಮಿನಿಯಂ ತಂತಿ ಬಳಸುವುದುಂಟು. ಅಲ್ಯೂಮಿನಿಯಮ್ಮಿನ ವಿದ್ಯುತ್ ರೋಧವು ತಾಮ್ರದ ಸುಮಾರು 1.6 ಪಟ್ಟು. ಅದಕ್ಕೆ ತಕ್ಕಂತೆ ತಂತಿಯನ್ನು ದಪ್ಪಗೊಳಿಸಿ, ಹಾಗೆಂದು ಬಿಲ್ಲಿನಲ್ಲಿ ನಮೂದಿಸಿದರೆ ಅದು ಮೋಸವಲ್ಲ. ಅದೇ ದಪ್ಪದ ತಂತಿ ಸುತ್ತಿ ‘500 ವಿ.ಎ.’ ಎಂದು ಚೀಟಿ ಅಂಟಿಸುವುದು ಮೋಸ. ಪರೀಕ್ಷೆ ಸುಲಭ: ಪೂರ್ಣಭಾರ ಹಾಕಿದಾಗ ಹೊರವೋಲ್ಟೇಜು 230ರಿಂದ 218ಕ್ಕೆ ಇಳಿದರೆ ಕುಸಿತ ಸುಮಾರು ಶೇ. 5, ಒಪ್ಪಬಹುದಾದದ್ದು. 200ಕ್ಕೆ ಇಳಿದರೆ ಆ ಸರಕು ಚೀಟಿಯಲ್ಲಿರುವ ಅಳತೆಯದಲ್ಲ.

ಟೊರಾಯಿಡ್ ಕೋರಿನವು ನಿಶ್ಶಬ್ದವಾಗಿರುವುದರಿಂದ ಸಂಗೀತಪ್ರಿಯರ ಮೆಚ್ಚುಗೆ ಪಡೆದಿವೆ. ಆದರೆ ಸ್ವಿಚ್ ಹಾಕಿದ ಕ್ಷಣದಲ್ಲಿ ಅವು ಪೂರ್ಣಭಾರದ ಹತ್ತು ಪಟ್ಟಿಗೂ ಮಿಕ್ಕಿದ ಪ್ರವಾಹವನ್ನು ಎಳೆಯಬಲ್ಲವು. ನಿಧಾನವಾಗಿ ಕರಗುವ ಫ್ಯೂಸು ಅಥವಾ ಆರಂಭದ ಪ್ರವಾಹವನ್ನು ತಡೆಯುವ ಥರ್ಮಿಸ್ಟರ್ ಅಳವಡಿಸಿದರೆ ‘ಎಂ.ಸಿ.ಬಿ. ಬೀಳುತ್ತದೆ’ ಎಂಬ ದೂರು ಬಾರದು. ಏರಿಸುವ ಸರಕಿನ ಮೇಲೆ ‘ಭಾರತದಲ್ಲಿ ಬಳಸಬೇಡಿ’ ಎಂಬ ಎಚ್ಚರಿಕೆಯನ್ನು ದೊಡ್ಡ ಅಕ್ಷರಗಳಲ್ಲಿ ಮುದ್ರಿಸುವುದಕ್ಕೆ ತಗಲುವ ವೆಚ್ಚ ಅತ್ಯಲ್ಪ.

ಬಿಲ್ಲು, ಖಾತರಿ ಮತ್ತು ಹೊಣೆ

ಟ್ರಾನ್ಸ್‌ಫಾರ್ಮರುಗಳು ಎಚ್.ಎಸ್.ಎನ್. 8504ರ ಅಡಿಯಲ್ಲಿ ಬರುವ ಸರಕುಗಳು, ಜಿ.ಎಸ್.ಟಿ. ದರ ಶೇ. 18. ಮನೆಗೆ ಕೊಳ್ಳುವವನಿಗೆ ಇದು ಪೂರ್ತಿ ವೆಚ್ಚವೇ. ಧ್ವನಿವರ್ಧಕ ಬಾಡಿಗೆಯ ವ್ಯವಹಾರ ನಡೆಸುವ ನೋಂದಾಯಿತ ವ್ಯಾಪಾರಿಯಾದರೆ ತನ್ನ ಜಿ.ಎಸ್.ಟಿ. ಸಂಖ್ಯೆ ನಮೂದಾದ ಬಿಲ್ಲಿನ ಮೇಲೆ ಹೂಡುವಳಿ ತೆರಿಗೆಯ ಜಮೆ ಪಡೆಯಬಹುದು. ಆದರೆ ಆ ತೆರಿಗೆಯ ಮೊತ್ತವನ್ನೂ ಆಸ್ತಿಯ ಬೆಲೆಗೆ ಸೇರಿಸಿ ಸವಕಳಿ ಪಡೆದರೆ ಜಮೆ ದೊರೆಯದು. ಕಾಂಪೊಸಿಷನ್ ಯೋಜನೆಯಲ್ಲಿರುವ ವರ್ತಕರು ಬಿಲ್ಲಿನಲ್ಲಿ ತೆರಿಗೆಯನ್ನು ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ.

ಬಿಲ್ಲಿನಲ್ಲಿ ‘ಟ್ರಾನ್ಸ್‌ಫಾರ್ಮರ್ – 1’ ಎಂದಷ್ಟೇ ಬರೆಯುವ ರೂಢಿಯನ್ನು ಬಿಡಬೇಕು. ಒಳವೋಲ್ಟೇಜು, ಹೊರವೋಲ್ಟೇಜು, ವಿ.ಎ., ಆಟೊ ಅಥವಾ ಐಸೊಲೇಶನ್ ಎಂಬ ವಿವರ, ಗ್ರಾಹಕನು ಹೇಳಿದ ಉಪಕರಣದ ಹೆಸರು: ಇಷ್ಟನ್ನು ಒಂದು ಸಾಲಿನಲ್ಲಿ ಬರೆದರೆ ಮುಂದೆ ವಿವಾದವುಂಟಾದಾಗ ಅದೇ ಸಾಕ್ಷ್ಯ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಆರನೆಯ ಅಧ್ಯಾಯವು ಉತ್ಪನ್ನದ ಹೊಣೆಯನ್ನು ತಯಾರಕನ ಮೇಲಷ್ಟೇ ಅಲ್ಲದೆ ಕೆಲವು ಸಂದರ್ಭಗಳಲ್ಲಿ ಮಾರಾಟಗಾರನ ಮೇಲೂ ಹೊರಿಸುತ್ತದೆ. ಸರಕನ್ನು ತಾನೇ ಮಾರ್ಪಡಿಸಿ ಮಾರಿದ್ದು, ತಯಾರಕನು ನೀಡದ ಖಾತರಿಯನ್ನು ತಾನೇ ನೀಡಿದ್ದು ಅಂತಹ ಸಂದರ್ಭಗಳು. ‘ಏನೂ ಆಗದು, ನಾನಿದ್ದೇನೆ’ ಎಂಬ ಕೌಂಟರಿನ ಮಾತಿಗೆ ಬೆಲೆ ತೆರಬೇಕಾದ ಕಾಲವಿದು.

ಒಂದು ವರ್ಷದ ಖಾತರಿ ನೀಡುವ ತಯಾರಕರು ವರ್ಷಾಂತ್ಯದಲ್ಲಿ ಅದಕ್ಕೆ ತಕ್ಕ ಅವಕಾಶವನ್ನು ಲೆಕ್ಕಪತ್ರದಲ್ಲಿ ಮಾಡಬೇಕೆಂಬುದು 29ನೆಯ ಲೆಕ್ಕಪತ್ರ ಮಾನಕದ ಆಶಯ. ಹಿಂದಿನ ಅನುಭವದ ಆಧಾರದ ಮೇಲೆ ನಂಬಲರ್ಹವಾಗಿ ಅಂದಾಜಿಸಿದ ಇಂತಹ ಅವಕಾಶವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಕಳೆಯಬಹುದೆಂದು ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ ತೀರ್ಮಾನಿಸಿತು. ಅದಕ್ಕೆ ಬೇಕಾದುದು ಎಷ್ಟು ಸರಕು ಮಾರಾಟವಾಯಿತು, ಎಷ್ಟು ಮರಳಿ ಬಂತು, ದುರಸ್ತಿಗೆ ಎಷ್ಟು ವೆಚ್ಚವಾಯಿತು ಎಂಬ ಪುಸ್ತಕ. ಆ ಪುಸ್ತಕ ಇಲ್ಲದವರಿಗೆ ಕಳೆಯುವ ಅವಕಾಶವೂ ಇಲ್ಲ, ತಮ್ಮ ಸರಕಿನ ದೋಷ ಎಲ್ಲಿದೆಯೆಂಬ ಅರಿವೂ ಇಲ್ಲ.

ಬಳಕೆಯ ವೆಚ್ಚ

ಕೊಳ್ಳುವ ಬೆಲೆಯೊಂದೇ ವೆಚ್ಚವಲ್ಲ. ಆಂಪ್ಲಿಫೈಯರ್ ನಿಂತಿದ್ದರೂ ಗೋಡೆಗೆ ಸಿಕ್ಕಿಸಿದ ಟ್ರಾನ್ಸ್‌ಫಾರ್ಮರ್ ವಿದ್ಯುತ್ತನ್ನು ನುಂಗುತ್ತಲೇ ಇರುತ್ತದೆ. ಅದು 10 ವ್ಯಾಟ್ ಎಂದಿಟ್ಟುಕೊಂಡರೆ ವರ್ಷಕ್ಕೆ 87.6 ಯೂನಿಟ್, ಯೂನಿಟ್ಟಿಗೆ 7 ರೂ. ಲೆಕ್ಕದಲ್ಲಿ 613 ರೂ. ನಾಲ್ಕು ವರ್ಷಗಳಲ್ಲಿ ಇದೇ 2,400 ರೂ. ದಾಟುತ್ತದೆ. ಉತ್ತಮ ಕೋರಿನ ಸರಕಿಗೆ ಕೆಲವು ನೂರು ರೂಪಾಯಿ ಹೆಚ್ಚು ಕೊಡುವುದೂ, ಬಳಸದಿದ್ದಾಗ ಗೋಡೆಯಲ್ಲಿಯೇ ಸ್ವಿಚ್ ಆರಿಸುವುದೂ ಲಾಭದಾಯಕವೆಂದು ಗ್ರಾಹಕನಿಗೆ ತಿಳಿಸಿದರೆ ಅವನು ಬೆಲೆಯ ಬಗ್ಗೆ ಚೌಕಾಸಿ ಮಾಡುವುದೂ ಕಡಿಮೆಯಾದೀತು.

ಒಟ್ಟಿನಲ್ಲಿ ವರ್ತಕರು ಕೇಳಬೇಕಾದ ಪ್ರಶ್ನೆಗಳು ಐದು. ಉಪಕರಣ ಯಾವ ದೇಶದ್ದು, ಎಲ್ಲಿ ಬಳಸುವುದು? ಫಲಕದಲ್ಲಿರುವ ವೋಲ್ಟೇಜು ಮತ್ತು ಆವರ್ತಾಂಕ ಎಷ್ಟು? ಎಷ್ಟು ಆಂಪಿಯರ್ ಅಥವಾ ವ್ಯಾಟ್? ಮೂರನೆಯ ಪಿನ್ನು ಇದೆಯೇ? ಊರಿನ ವೋಲ್ಟೇಜು ಸಂಜೆ ಎಷ್ಟು, ನಡುರಾತ್ರಿ ಎಷ್ಟು? ಐದು ನಿಮಿಷದಲ್ಲಿ ಮುಗಿಯುವ ಈ ವಿಚಾರಣೆಯನ್ನು ಒಂದು ಹಲಗೆಯ ಮೇಲೆ ಬರೆದು ಕೌಂಟರಿನ ಹಿಂದೆ ತೂಗುಹಾಕಿದರೆ, ಮಾಲೀಕರಿಲ್ಲದ ಹೊತ್ತಿನಲ್ಲಿ ಅಂಗಡಿ ನೋಡಿಕೊಳ್ಳುವ ಹುಡುಗನೂ ಸರಿಯಾದ ಸರಕನ್ನೇ ಕೊಟ್ಟಾನು.